ಕ್ಯಾಸೆಟ್ಟಿನಲ್ಲಿ ಸಿಕ್ಕಿಬಿದ್ದ ಹಿರಣ್ಣಯ್ಯ



ಕಳೆದ ತಿಂಗಳ ಗೋಷ್ಠಿ ಮುಗಿದು ಎಲ್ಲರೂ ಬಾಗಿಲ ಹತ್ತಿರ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬರು ಮೆಲ್ಲಗೆ ಕೇಳಿದರು, "ಒಂದು ಸಲ ಮಾಸ್ಟರ್ ಹಿರಣ್ಣಯ್ಯನವರ ಬಗ್ಗೆ ಯಾಕೆ ಇಟ್ಟುಕೊಳ್ಳಬಾರದು?" ಅಡಿಗೆಮನೆಯ ಕಡೆಯಿಂದ ಉತ್ತರ ಬಂತು: "ಅದು ನಾಟಕ ಅಲ್ಲ ಸಾರ್, ಭಾಷಣ. ಸಾಹಿತ್ಯವಂತೂ ಅಲ್ಲವೇ ಅಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ, ಹೌದು ಹೌದು ಎಂದು ತಲೆಯನ್ನೂ ಆಡಿಸಿದೆ.

ಕಾರು 237 ದಾಟಿ 880 ಸೇರುವ ಹೊತ್ತಿಗೆ ಕಸಿವಿಸಿ ಶುರುವಾಯಿತು. ಅಡಿಗರ ಒಂದು ಪದ್ಯವನ್ನು ಪೂರ್ತಿ ಬಾಯಿಪಾಠ ಹೇಳು ಎಂದರೆ ತಡವರಿಸುವ ನನಗೆ 'ಲಂಚಾವತಾರ' ಅರ್ಧಕ್ಕರ್ಧ ಬಾಯಿಗೆ ಬರುತ್ತದೆ. ಎಲ್ಲಿ ಜನ ನಗುತ್ತಾರೆ, ಎಲ್ಲಿ ಚಪ್ಪಾಳೆ ಬೀಳುತ್ತದೆ, ಎಲ್ಲಿ ಹಿರಣ್ಣಯ್ಯ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲವೂ ಗೊತ್ತು. ಇಷ್ಟು ಆಳಕ್ಕೆ ಇಳಿದದ್ದನ್ನು ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತಿನಲ್ಲಿ ಸಾಹಿತ್ಯವಲ್ಲ ಎಂದು ತೀರ್ಮಾನಿಸಿಬಿಟ್ಟೆವಲ್ಲ! ಈ ಬರಹ ಆ ತಲೆಯಾಡಿಸಿದ್ದಕ್ಕೆ ತಪ್ಪೊಪ್ಪಿಗೆ ಅಂದುಕೊಳ್ಳಿ. ಪೂರಾ ಹೊಗಳಿಕೆಯಲ್ಲ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಗೊತ್ತಿರುವ ಸಂಗತಿಗಳನ್ನು ಬೇಗ ಮುಗಿಸೋಣ. ಹುಟ್ಟಿದ್ದು 1934ರಲ್ಲಿ, ಮೈಸೂರಿನಲ್ಲಿ. ಮನೆಯವರಿಟ್ಟ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ಸ್ವತಃ ನಟ, ನಾಟಕಕಾರ, ಹಿರಣ್ಣಯ್ಯ ಮಿತ್ರ ಮಂಡಳಿಯ ಯಜಮಾನರು. ಪಿಟೀಲು ಚೌಡಯ್ಯನವರು ನಟಿಸಿದ 1943ರ 'ವಾಣಿ' ಚಿತ್ರವನ್ನು ನಿರ್ದೇಶಿಸಿದವರು. 1953ರಲ್ಲಿ ಅವರು ತೀರಿಕೊಂಡಾಗ ಮಗನಿಗೆ 19 ವರ್ಷ. ಕಂಪನಿಯ ಜೊತೆಗೆ ತಂದೆಯ ಹೆಸರೂ ಮಗನಿಗೆ ಬಂತು. 1959ರಲ್ಲಿ 'ಲಂಚಾವತಾರ' ರಂಗಕ್ಕೆ ಬಂತು. 'ನಡುಬೀದಿ ನಾರಾಯಣ', 'ಮಕ್ಮಲ್ ಟೋಪಿ', 'ಕಪಿಮುಷ್ಟಿ', 'ಭ್ರಷ್ಟಾಚಾರ', 'ಲಾಟರಿ ಸರ್ಕಾರ' ಹೀಗೆ ಪಟ್ಟಿ ಉದ್ದವಿದೆ. ಸಿನಿಮಾದಲ್ಲೂ ಕಿರುತೆರೆಯಲ್ಲೂ ಪಾತ್ರ ಮಾಡಿದರು. ಅದರಿಂದ ಅವರಿಗೆ ಹೆಚ್ಚೇನೂ ಕೂಡಲಿಲ್ಲ, ಕಳೆಯಲೂ ಇಲ್ಲ. 2019ರ ಮೇ ತಿಂಗಳಿನಲ್ಲಿ, 85ರ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಟರೂ ಅವರೇ, ನಗೆಯ ಮಾತು ಬರೆದವರೂ ಅವರೇ, ಕಂಪನಿಯ ಸಂಬಳ ಬಟವಾಡೆ ಮಾಡಿದವರೂ ಅವರೇ.

ಇನ್ನು ವಿಷಯಕ್ಕೆ ಬರುತ್ತೇನೆ.

ಕಂಪನಿ ನಾಟಕದಲ್ಲಿ ಹಾಸ್ಯಗಾರನ ಜಾಗ ಎಲ್ಲಿತ್ತು ಎನ್ನುವುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ರಾಜ ರಾಣಿಯರ ಕಥೆ ಒಂದು ಕಡೆ ನಡೆಯುತ್ತಿರುತ್ತದೆ. ಹಿಂದೆ ಸೀನು ಬದಲಾಯಿಸಬೇಕು, ದರ್ಬಾರಿನ ಪರದೆ ಎತ್ತಿ ಕಾಡಿನ ಪರದೆ ಇಳಿಸಬೇಕು. ಅಷ್ಟು ಹೊತ್ತು ಮುಂದಿನ ಪರದೆಯ ಎದುರು ನಿಂತು ಜನರನ್ನು ಹಿಡಿದಿಡುವವನು ಹಾಸ್ಯಗಾರ. ರಾಜ ಗ್ರಾಂಥಿಕ ಕನ್ನಡ ಆಡಿದರೆ ಇವನು ಸಂತೆಯ ಕನ್ನಡ ಆಡುತ್ತಾನೆ. ರಾಜನಿಗೆ ಬರೆದುಕೊಟ್ಟ ಮಾತು, ಇವನಿಗೆ ಬಾಯಿಗೆ ಬಂದ ಮಾತು. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದು ಹೀಗೆ. ಕಥೆಯ ಅಂಚಿನಲ್ಲಿದ್ದ ಕಳ್ಳನೇ ಜನರ ಮನಸ್ಸಿನಲ್ಲಿ ಉಳಿದ. ಯಕ್ಷಗಾನದ ಹಾಸ್ಯಗಾರನೂ ಇದೇ ಬಳಗ. ಆ ಊರಿನ ಸಮಾಚಾರವನ್ನು ಪುರಾಣದೊಳಗೆ ತೂರಿಸುವ ಪರವಾನಗಿ ಅವನೊಬ್ಬನಿಗೇ ಇರುವುದು.

ತಂದೆ ಹಿರಣ್ಣಯ್ಯನವರು ಈ ಅಂಚಿನ ಮನುಷ್ಯನನ್ನು ಸ್ವಲ್ಪ ಒಳಕ್ಕೆ ಕರೆದರು. 'ದೇವದಾಸಿ'ಯ ನಾಜೂಕಯ್ಯನನ್ನು ನೋಡಿದವರು ಮರೆಯುವುದಿಲ್ಲ; ಆ ಹೆಸರೇ ಪಾತ್ರದ ಅರ್ಧ ಕೆಲಸ ಮುಗಿಸಿಬಿಡುತ್ತದೆ. ಆದರೂ ಅದು ಕಥೆಯುಳ್ಳ ನಾಟಕ. ಮಗ ಇನ್ನೂ ಮುಂದಕ್ಕೆ ಹೋಗಿ ಕಥೆಯನ್ನೇ ಅಂಚಿಗೆ ಸರಿಸಿ ಹಾಸ್ಯಗಾರನನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಿದರು. 'ಲಂಚಾವತಾರ'ದ ಕಥೆ ಹೇಳು ಎಂದರೆ ಬಹಳ ಜನಕ್ಕೆ ಹೇಳಲು ಬರುವುದಿಲ್ಲ. ಮಾತು ಹೇಳು ಎಂದರೆ ಗಂಟೆಗಟ್ಟಲೆ ಹೇಳುತ್ತಾರೆ. ನಮ್ಮ ಅಡಿಗೆಮನೆಯ ವಿಮರ್ಶಕರು "ನಾಟಕ ಅಲ್ಲ, ಭಾಷಣ" ಎಂದದ್ದು ಇದನ್ನೇ. ಅವರು ಕಂಡದ್ದು ಸರಿ. ಆದರೆ ಅದನ್ನು ದೋಷ ಎಂದು ಬರೆದುಕೊಂಡರು. ನನಗೆ ಅದು ಒಂದು ಆಯ್ಕೆ ಅನ್ನಿಸುತ್ತದೆ. ನಾಟಕ ನಿಲ್ಲಿಸಿ ಮಾತಾಡುವುದೇ ಅಲ್ಲಿ ನಾಟಕ.

ಹೆಸರನ್ನೇ ನೋಡಿ. ಲಂಚಾವತಾರ. ಕಂಪನಿಗಳ ಕಾಲದಲ್ಲಿ 'ದಶಾವತಾರ' ಎಂದರೆ ದೊಡ್ಡ ದೊಡ್ಡ ಸೀನರಿ, ಬಣ್ಣದ ದೀಪ, ಕಣ್ಣಿಗೆ ಹಬ್ಬ. ಆ ವೈಭವದ ರಂಗದ ಮೇಲೆ, ಅದೇ ಅವತಾರದ ಹೆಸರಿನಲ್ಲಿ, ಈ ಮನುಷ್ಯ ಒಂದು ಗುಮಾಸ್ತನ ಮೇಜು ತಂದಿಟ್ಟರು. ಕಾಲವನ್ನೂ ನೆನೆಯಿರಿ. ಆಗ ವಿಧಾನಸೌಧ ಎದ್ದು ಮೂರೇ ವರ್ಷವಾಗಿತ್ತು. ಅದರ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿತ್ತು. ದೇವರ ಕೆಲಸ ಎಂದಮೇಲೆ ಹುಂಡಿ, ತಟ್ಟೆಕಾಸು, ಕಾಣಿಕೆ ಇರಬೇಡವೇ? ಈ ಮಾತನ್ನು ನಾನು ಹೇಳುತ್ತಿದ್ದೇನೆ, ಹಿರಣ್ಣಯ್ಯನವರ ತಲೆಗೆ ಕಟ್ಟಬೇಡಿ. ಆದರೆ ಆ ಶೀರ್ಷಿಕೆ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಲಂಚವನ್ನು ಅಪರಾಧ ಎಂದು ತೋರಿಸಿದ್ದರೆ ಪೊಲೀಸ್ ನಾಟಕವಾಗುತ್ತಿತ್ತು, ಕೊನೆಯ ಸೀನಿನಲ್ಲಿ ಬೇಡಿ ಹಾಕಿ ಮುಗಿಸಬಹುದಿತ್ತು. ಅವತಾರ ಎಂದರೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಹುಟ್ಟಿ ಬರುತ್ತದೆ. ಅದಕ್ಕೆ ಭಕ್ತರೂ ಬೇಕು.

ಭಕ್ತರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವರು ಬರೆಯುತ್ತಿದ್ದ ರೀತಿ. ಬರೆಯುವುದು ಎಂದರೆ ಇಲ್ಲಿ ಪೆನ್ನು ಹಿಡಿಯುವುದಲ್ಲ. ಬೆಳಗಿನ ಪತ್ರಿಕೆ ಸಂಜೆಯ ನಾಟಕಕ್ಕೆ ಬರುತ್ತಿತ್ತು. ಕರೆಂಟು ಹೋದದ್ದು, ಹಾಲಿನ ಬೆಲೆ, ಯಾವ ಮಂತ್ರಿ ಯಾವ ಪಕ್ಷಕ್ಕೆ ಹಾರಿದ ಎನ್ನುವುದು, ಊರಿನ ಬಸ್ ನಿಲ್ದಾಣದ ಅವಸ್ಥೆ, ಎಲ್ಲಕ್ಕೂ ಅಂದು ರಾತ್ರಿಯೇ ಜಾಗ. 1959ರಿಂದ ಮುಂದೆ ಜತ್ತಿ, ನಿಜಲಿಂಗಪ್ಪ, ವೀರೇಂದ್ರ ಪಾಟೀಲ, ಅರಸು, ಗುಂಡೂರಾವ್, ಹೆಗಡೆ, ಎಷ್ಟು ಮುಖ್ಯಮಂತ್ರಿಗಳು ಬಂದರೋ ನಾಟಕ ಅಷ್ಟು ಸಲ ಹೊಸದಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ಎಂದು ಹೇಳುತ್ತಾರೆ. ಹತ್ತು ಸಾವಿರ ಸಲ ಆಡಿದ ಒಂದು ನಾಟಕ ಅನ್ನುವುದಕ್ಕಿಂತ ಒಂದೇ ಹೆಸರಿನ ಬೇರೆ ಬೇರೆ ನಾಟಕಗಳು ಎಂದರೆ ಹೆಚ್ಚು ಸರಿ. ರಾಜಕಾರಣಿಗಳ ಸಿಟ್ಟಿಗೆ ಸಿಕ್ಕಿ ಕೋರ್ಟು ಮೆಟ್ಟಿಲು ಹತ್ತಿದ್ದೂ ಉಂಟು. ಪುಸ್ತಕದಲ್ಲಿ ಇಲ್ಲದ ಮಾತನ್ನು ಹೇಗೆ ಮುಟ್ಟುಗೋಲು ಹಾಕುತ್ತೀರಿ? ಆಡಿದ ಮಾತು ಆಡಿದ ರಾತ್ರಿಯೇ ಹೋಯಿತು.

ಇದಕ್ಕೆ ಸರಿಸಾಟಿ ಒಬ್ಬರು ನಮ್ಮ ಈ ಊರಿನಲ್ಲೇ ಇದ್ದರು. ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್ ಬೀಚಿನಲ್ಲಿ 'ಹಂಗ್ರಿ ಐ' ಎಂಬ ನೆಲಮಾಳಿಗೆಯ ಕ್ಲಬ್ಬಿತ್ತು. 1953ರ ಡಿಸೆಂಬರಿನಲ್ಲಿ ಮಾರ್ಟ್ ಸಾಲ್ ಎಂಬ ಯುವಕ ಟೈ ಕೋಟು ಇಲ್ಲದೆ, ಮಾಮೂಲಿ ಸ್ವೆಟರ್ ತೊಟ್ಟು, ಕೈಯಲ್ಲಿ ಸುತ್ತಿದ ಪತ್ರಿಕೆ ಹಿಡಿದು ಅಲ್ಲಿಯ ರಂಗಕ್ಕೆ ಹತ್ತಿದ. ಮರೆತುಹೋದರೆ ಎಂದು ಜೋಕುಗಳ ಚೀಟಿಯನ್ನು ಆ ಪತ್ರಿಕೆಯೊಳಗೆ ಸಿಕ್ಕಿಸಿಕೊಂಡಿದ್ದನಂತೆ. ಚೀಟಿ ಹೋಯಿತು, ಪತ್ರಿಕೆ ಉಳಿಯಿತು. ಅತ್ತೆ, ಹೆಂಡತಿ, ಕುಡುಕ ಇವರ ಮೇಲೆ ನಡೆಯುತ್ತಿದ್ದ ಅಮೆರಿಕದ ಹಾಸ್ಯವನ್ನು ಅಂದಿನ ಸುದ್ದಿಯ ಕಡೆಗೆ ತಿರುಗಿಸಿದವರಲ್ಲಿ ಈತ ಮೊದಲಿಗ. ಇಲ್ಲಿ ಬೈಸಿಕೊಳ್ಳದವರು ಇನ್ನು ಯಾರಾದರೂ ಉಳಿದಿದ್ದೀರಾ ಎಂದು ಸಭಿಕರನ್ನು ಕೇಳುವುದು ಆತನ ರೂಢಿ. ಸಿನಿಮಾದಲ್ಲಿ ಸಣ್ಣ ಪುಟ್ಟ ಪಾತ್ರ ಮಾಡಿದ, 1960ರ ಚುನಾವಣೆಯಲ್ಲಿ ಕೆನಡಿಗೆ ನಗೆಮಾತು ಬರೆದುಕೊಟ್ಟ, ಗೆದ್ದಮೇಲೆ ಅದೇ ಕೆನಡಿಯನ್ನೂ ಬಿಡಲಿಲ್ಲ. ಕೊನೆಯ ವರ್ಷಗಳನ್ನು ಮಿಲ್ ವ್ಯಾಲಿಯಲ್ಲಿ ಕಳೆದು 2021ರಲ್ಲಿ ತೀರಿಕೊಂಡ. ಗೋಲ್ಡನ್ ಗೇಟ್ ಸೇತುವೆ ದಾಟಿ ಎಷ್ಟು ಸಲ ಆ ಊರಿನ ಮೇಲೆ ಹಾದು ಮ್ಯೂರ್ ವುಡ್ಸ್‌ಗೆ ಹೋಗಿದ್ದೇವೆ. ನಮ್ಮ ಅತಿಥಿಗಳಿಗೆ ಮರ ತೋರಿಸಿದೆವು, ಈ ಮನುಷ್ಯ ಅಲ್ಲಿದ್ದಾನೆ ಎನ್ನುವುದು ನನಗಂತೂ ಗೊತ್ತಿರಲಿಲ್ಲ.

ಸಾಲ್‌ನ ಬದುಕಿನ ಇನ್ನೊಂದು ಭಾಗ ನನ್ನನ್ನು ಹೆಚ್ಚು ಕಾಡುತ್ತದೆ. 1963ರಲ್ಲಿ ಕೆನಡಿಯ ಕೊಲೆಯಾದ ಮೇಲೆ ಆತ ತನಿಖಾ ಆಯೋಗದ ವರದಿಯನ್ನೇ ರಂಗಕ್ಕೆ ತಂದು ಓದತೊಡಗಿದ. ನಗಲು ಬಂದವರ ಎದುರು ಪುಟ ಪುಟವಾಗಿ ವರದಿ! ಕೆಲಸ ತಪ್ಪಿತು, ಜನ ಕಡಿಮೆಯಾದರು. ಕೋಪ ಹಾಸ್ಯಕ್ಕಿಂತ ಭಾರವಾದಾಗ ಹೀಗಾಗುತ್ತದೆ. ಹಿರಣ್ಣಯ್ಯನವರಲ್ಲೂ ಇದರ ನೆರಳು ಇದೆ. ಎಪ್ಪತ್ತರ ದಶಕದವರು ಹೇಳುವ ಹಿರಣ್ಣಯ್ಯ ತುಂಟ, ಚುರುಕು, ಎದುರಾಳಿಯ ಕಾಲೆಳೆದು ಓಡುವ ಹುಡುಗನ ಹಾಗೆ. ನಾನು ಬಲ್ಲ ಕೊನೆಯ ವರ್ಷಗಳ ಹಿರಣ್ಣಯ್ಯ ಮನೆಯ ಹಿರಿಯರ ಹಾಗೆ ಗದರುತ್ತಾರೆ. ಜೋಕು ಮುಗಿದಮೇಲೂ ಗದರಿಕೆ ನಿಲ್ಲುವುದಿಲ್ಲ. ನಮ್ಮ ಕಾಲ ಹೀಗಿರಲಿಲ್ಲ ಎಂಬ ರಾಗ ಶುರುವಾಗುತ್ತದೆ. ಆ ಕಾಲ ಹಾಗೆಯೇ ಇತ್ತು ಎನ್ನುವುದಕ್ಕೆ 1959ರ ಅವರ ನಾಟಕವೇ ಸಾಕ್ಷಿಯಲ್ಲವೇ!

ಇನ್ನೊಂದು ತಕರಾರೂ ಇದೆ. ಅವರ ನಾಟಕಗಳ ಹೆಣ್ಣು ಪಾತ್ರಗಳು ನನ್ನ ನೆನಪಿನಲ್ಲಿ ನಿಂತಿಲ್ಲ. ಗಂಡನಿಗೆ ಉತ್ತರ ಕೊಡುವಷ್ಟು ಹೊತ್ತು ಇರುತ್ತಾರೆ, ಹೋಗುತ್ತಾರೆ. ಒಬ್ಬನೇ ಮಾತಾಡುವ ರಂಗದಲ್ಲಿ ಬೇರೆಯವರಿಗೆ ಉಳಿಯುವುದು ಹೂಂಗುಟ್ಟುವ ಕೆಲಸ. ಮಾತಿನ ಮಲ್ಲ ಎಂಬ ಹೊಗಳಿಕೆಗೆ ತೆತ್ತ ಬೆಲೆ ಇದು ಅನ್ನಿಸುತ್ತದೆ.

ಈಗ ಕ್ಯಾಸೆಟ್ಟಿನ ಕಥೆ. ನಮ್ಮಲ್ಲಿ ಬಹಳ ಜನಕ್ಕೆ ಹಿರಣ್ಣಯ್ಯ ಎಂದರೆ ರಂಗದ ಮನುಷ್ಯನಲ್ಲ, ದನಿ. ಎಂಬತ್ತು ತೊಂಬತ್ತರ ದಶಕದಲ್ಲಿ ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ತುಷಾರ, ಮಯೂರದ ಸಂಚಿಕೆಗಳ ನಡುವೆ 'ಲಂಚಾವತಾರ'ದ ಕ್ಯಾಸೆಟ್ಟೂ ಇರುತ್ತಿತ್ತು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಕಾಪಿಯ ಕಾಪಿ. ನನ್ನ ಹಳೆಯ ಕೊರೋಲಾದಲ್ಲಿ ಟ್ರಾಫಿಕ್ಕು ನಿಂತಾಗಲೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಟೇಪು ಸವೆದು ಹಿರಣ್ಣಯ್ಯನವರ ದನಿ ನೀರಿನೊಳಗಿಂದ ಬಂದ ಹಾಗೆ ಕೇಳಿಸುವವರೆಗೂ ಬಿಡಲಿಲ್ಲ.

ಮಾರ್ಟ್ ಸಾಲ್‌ನದೂ 1955ರಲ್ಲಿ ಇಲ್ಲೇ ದಕ್ಷಿಣದ ಕಾರ್ಮೆಲ್ಲಿನಲ್ಲಿ ಮುದ್ರಣವಾದ ಒಂದು ರೆಕಾರ್ಡಿದೆ. ಇಂದು ಅದನ್ನು ಕೇಳಿದರೆ ಜನ ಗೊಳ್ಳೆಂದು ನಗುವ ಕಡೆ ನಾನು ಸುಮ್ಮನೆ ಕೂತಿರುತ್ತೇನೆ, ಯಾವ ಸೆನೆಟರ್, ಯಾವ ಗಲಾಟೆ ಎಂದು ತಿಳಿಯದೆ. 'ಲಂಚಾವತಾರ'ದ ಕ್ಯಾಸೆಟ್ಟಿಗೂ ಇದೇ ಗತಿ ಬರಬೇಕಿತ್ತು. ನನ್ನ ಮಗಳಿಗೆ 'ಲಾಟರಿ ಸರ್ಕಾರ' ಎಂಬ ಹೆಸರು ಅರ್ಥವಾಗಲಿಲ್ಲ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು, ಸರ್ಕಾರವೇ ಲಾಟರಿ ಮಾರುತ್ತಿತ್ತು ಎಂದು ವಿವರಿಸಬೇಕಾಯಿತು. ಆದರೆ 'ಲಂಚಾವತಾರ'ಕ್ಕೆ ಅಡಿಟಿಪ್ಪಣಿ ಬೇಕಾಗಲೇ ಇಲ್ಲ. 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು, 2011ರಲ್ಲಿ ಸಕಾಲ ಕಾಯ್ದೆ ಬಂತು, ನಾಟಕ ಹಾಗೆಯೇ ಓಡುತ್ತಿತ್ತು. ಪ್ರತಿ ರಾತ್ರಿ ಹೊಸದಾಗುತ್ತಿದ್ದ ನಾಟಕದ ಯಾವುದೋ ಒಂದು ರಾತ್ರಿ ಮಾತ್ರ ಕ್ಯಾಸೆಟ್ಟಿನಲ್ಲಿ ಸಿಕ್ಕಿಬಿತ್ತು. ನಾವು ಇಲ್ಲಿ ಅದನ್ನೇ ವೇದದ ಹಾಗೆ ಕಂಠಪಾಠ ಮಾಡಿದೆವು. ಅಲ್ಲಿ ಅವರು ಹೊಸ ಮಂತ್ರಿಯನ್ನು ಬೈಯುತ್ತಿದ್ದಾಗ ನಾವು ಹಳೆಯ ಮಂತ್ರಿಗೆ ನಗುತ್ತಿದ್ದೆವು.

ಭಕ್ತರ ವಿಷಯ ಎಂದೆನಲ್ಲ, ಅದು ನನ್ನದೇ ವಿಷಯ.

1998ರಲ್ಲಿ ಅಪ್ಪ ಹೋದಮೇಲೆ ಸೈಟಿನ ಖಾತೆ ಅಮ್ಮನ ಹೆಸರಿಗೆ ಆಗಬೇಕಿತ್ತು. ಎರಡು ವಾರದ ರಜೆ ಹಾಕಿ ಹೋಗುವವನಿದ್ದೆ. ಅದಕ್ಕೆ ಮೊದಲು ಭಾವನಿಗೆ ಫೋನು ಮಾಡಿದೆ.

"ನೋಡಪ್ಪಾ, ನೇರವಾಗಿ ಹೋದರೆ ಆರು ತಿಂಗಳು. ಒಂದು ಮಾತು ಹೇಳಿಸಿದರೆ ಆರು ದಿನ. ನಿನ್ನ ರಜೆ ಎಷ್ಟು ದಿನ?"

"ಎರಡು ವಾರ, ಭಾವ."

"ಹಾಗಾದರೆ ನೀನೇ ಹೇಳು."

ನಾನೇ ಹೇಳಿದೆ. ಡಾಲರಿನಲ್ಲಿ ಲೆಕ್ಕ ಹಾಕಿದೆ. ನಾಲ್ಕು ಜನ ಹೊರಗೆ ಊಟಕ್ಕೆ ಹೋದಷ್ಟೂ ಆಗಲಿಲ್ಲ. ಆ ಕಚೇರಿಗೆ ನಾನು ಕಾಲಿಡಲೂ ಇಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕನ್ನಡದಲ್ಲಿ ಇದಕ್ಕೆ ಎಷ್ಟು ಮುದ್ದಾದ ಮಾತುಗಳಿವೆ: ಮಾಮೂಲು, ಕಾಫಿ ಖರ್ಚು, ಕೈ ಬಿಸಿ. ಸಂಬಳಕ್ಕೆ ಪ್ರಾಸವಾಗಿ ಹುಟ್ಟಿದ ಗಿಂಬಳವಂತೂ ಅರ್ಥವಿಲ್ಲದ ಪ್ರತಿಧ್ವನಿಯಾಗಿ ಶುರುವಾಗಿ ನಿಘಂಟಿನ ಮಾತಾಗಿಬಿಟ್ಟಿದೆ. ಖಾತೆಯ ಕಾಗದ ಕೈಗೆ ಬಂದ ಮಧ್ಯಾಹ್ನವೇ ಚಿಕ್ಕಪೇಟೆಯಲ್ಲಿ ಸವೆದ ಟೇಪಿನ ಬದಲಿಗೆ ಹೊಸ 'ಲಂಚಾವತಾರ' ಕೊಂಡೆ. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಆಗ ಅದು ತಮಾಷೆ ಅನ್ನಿಸಲೂ ಇಲ್ಲ. ಗಮನಿಸಿದ್ದೇ ಬಹಳ ವರ್ಷಗಳ ನಂತರ.

ಹಿರಣ್ಣಯ್ಯ ಬೈಯುತ್ತಿದ್ದುದು ಮಂತ್ರಿ, ಅಧಿಕಾರಿಗಳನ್ನಷ್ಟೇ ಅಲ್ಲ. ಓಟು ಹಾಕಿ ಬಂದು ಎದುರಿಗೆ ಕೂತು ಹಲ್ಲು ಕಿರಿಯುತ್ತಿರುವ ಜನರನ್ನೂ ಬೈಯುತ್ತಿದ್ದರು. ಬೆಂಗಳೂರಿನಲ್ಲೋ ಹಾಸನದಲ್ಲೋ ಆ ಮಾತು ಕೇಳಿದವನು ನಗುತ್ತಾನೆ. ಆದರೆ ಮಾರನೆಯ ಬೆಳಿಗ್ಗೆ ಅದೇ ಕಿಟಕಿಯ ಮುಂದೆ ನಿಲ್ಲಬೇಕು ಎನ್ನುವುದೂ ಅವನಿಗೆ ನೆನಪಾಗುತ್ತದೆ. ಆ ನಗೆಯಲ್ಲಿ ಒಂದು ತೊಡಕು ಇರುತ್ತದೆ. ಹಿರಣ್ಣಯ್ಯನವರ ಬರವಣಿಗೆ ನಿಂತಿರುವುದು ಆ ತೊಡಕಿನ ಮೇಲೆ. ಅಮೆರಿಕದ ಕನ್ನಡ ಕೂಟಗಳಿಗೂ ಅವರು ಬಂದು ನಗಿಸಿ ಹೋದರು. ನಾವಿಲ್ಲಿ ನಕ್ಕದ್ದು ತೊಡಕಿಲ್ಲದ ನಗೆ. ನಾವು ಬಿಟ್ಟು ಬಂದ ಊರು ಎಷ್ಟು ಕೆಟ್ಟಿದೆ ನೋಡಿ, ಬಿಟ್ಟು ಬಂದದ್ದು ಎಷ್ಟು ಸರಿ ನೋಡಿ ಎನ್ನುವ ನೆಮ್ಮದಿಯೂ ಅದರಲ್ಲಿ ಸ್ವಲ್ಪ ಬೆರೆತಿತ್ತು ಎಂದರೆ ಸಿಟ್ಟಾಗಬೇಡಿ. ಕಾರಿನೊಳಗೆ ಒಬ್ಬನೇ ಕೂತು ನಕ್ಕಿದ್ದ ನನಗೆ ಅದು ಚೆನ್ನಾಗಿ ಗೊತ್ತು. ನಾಟಕದ ಒಳಗಿನ ಒಂದು ಪಾತ್ರವೇ ಆಗಿದ್ದೂ ಪ್ರೇಕ್ಷಕನ ಟಿಕೆಟ್ಟಿನಲ್ಲಿ ಕೂತಿದ್ದೆ.

ಸಾಹಿತ್ಯ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕೈಲಾಸಂ ತಮ್ಮ ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಬರೆದುಕೊಂಡವರು ಶಿಷ್ಯರು. ಬರೆದುಕೊಳ್ಳುವವರು ಸಿಕ್ಕದ್ದರಿಂದ ಕೈಲಾಸಂ ನಮ್ಮ ಕಪಾಟಿನಲ್ಲಿದ್ದಾರೆ, ಎರಡು ಸಲ ಗೋಷ್ಠಿಯನ್ನೂ ಮಾಡಿದ್ದೇವೆ. ಹಿರಣ್ಣಯ್ಯನವರ ಒಂದೊಂದು ರಾತ್ರಿಯನ್ನು ಬರೆದುಕೊಳ್ಳುವುದು ಯಾರಿಂದಲೂ ಆಗುವ ಕೆಲಸವಲ್ಲ. ಕೈಲಾಸಂ ಅವರ ಮಾತಿನಲ್ಲಿರುವ ಕರುಣೆ ಇವರಲ್ಲಿ ಕಡಿಮೆ, ಒಪ್ಪುತ್ತೇನೆ. ಕೈಲಾಸಂ ನಕ್ಕಮೇಲೆ ಕಣ್ಣು ಒದ್ದೆಯಾಗುತ್ತದೆ, ಇವರದರಲ್ಲಿ ಕಿವಿ ಕೆಂಪಾಗುತ್ತದೆ. ಆದರೆ ಆಡುಗನ್ನಡದ ಲಯವನ್ನು, ಒಂದು ವಾಕ್ಯವನ್ನು ಎಲ್ಲಿ ಮುರಿದರೆ ನಗೆ ಬರುತ್ತದೆ ಎನ್ನುವುದನ್ನು, ಅರವತ್ತು ವರ್ಷ ದಿನವೂ ಸಾವಿರ ಜನರ ಎದುರು ಪರೀಕ್ಷಿಸಿ ತಿದ್ದಿಕೊಂಡ ಲೇಖಕರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ನಮ್ಮ ನವ್ಯದ ಸಂಭಾಷಣೆಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ.

ಹಾಗಾಗಿ ಬಾಗಿಲ ಹತ್ತಿರ ಕೇಳಿದ ಗೆಳೆಯರಿಗೆ: ಖಂಡಿತ ಇಟ್ಟುಕೊಳ್ಳೋಣ. ಯೂಟ್ಯೂಬಿನಲ್ಲಿ ತುಣುಕುಗಳು ಸಿಗುತ್ತವೆ, ಆದರೆ ನನ್ನ ಆಸೆ ಬೇರೆ. ಚಿಕ್ಕಪೇಟೆಯ ಆ ಕ್ಯಾಸೆಟ್ಟು ಇನ್ನೂ ಗರಾಜಿನ ಪೆಟ್ಟಿಗೆಯಲ್ಲಿದೆ, ತರುತ್ತೇನೆ. ಜನರ ನಗೆಯೂ ಅದರಲ್ಲಿದೆ. ಈ ಸಲ ಅವರು ಎಲ್ಲಿ ನಗುತ್ತಾರೆ, ನಾವು ಎಲ್ಲಿ ನಗುತ್ತೇವೆ ಎಂದು ಗುರುತು ಹಾಕಿಕೊಳ್ಳೋಣ. ಕ್ಯಾಸೆಟ್ ಪ್ಲೇಯರು ಮಾತ್ರ ನನ್ನಲ್ಲಿಲ್ಲ, ಕೊರೋಲಾದ ಜೊತೆ ಅದೂ ಹೋಯಿತು. ಯಾರ ಮನೆಯಲ್ಲಾದರೂ ಓಡುವಂಥದ್ದು ಇದ್ದರೆ ದಯವಿಟ್ಟು ಈ ಮೇಲ್‌ಗೇ ಉತ್ತರಿಸಿ. ಕಾಫಿ ಖರ್ಚು ನನ್ನದು.